ಕೊಯ್ದಷ್ಟೂ ಕವಲೊಡೆಯುವ ಜಿನಿಯಾ

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ, ಈ ನಾಲ್ಕು ತಾಲ್ಲೂಕುಗಳ ಎಷ್ಟೋ ಮನೆಗಳಲ್ಲಿ ಈಗ ಹೊಗೆಸೊಪ್ಪಿನ ಕೆಲಸ ಜೋರಾಗಿ ನಡೆದಿದೆ. ಮೇ ತಿಂಗಳಲ್ಲಿ ಮಳೆ ನೋಡಿಕೊಂಡು ನೆಟ್ಟ ಗಿಡ ಎತ್ತರಕ್ಕೆ ಬಂದು ತುದಿಯಲ್ಲಿ ಮೊಗ್ಗು ಕಟ್ಟುತ್ತಿದೆ. ಆ ತುದಿಯನ್ನು ಮುರಿಯಬೇಕು. ಮುರಿದ ಕೆಲವೇ ದಿನಕ್ಕೆ ಎಲೆಯ ಕಂಕುಳಲ್ಲಿ ಕುಡಿ ಏಳುತ್ತದೆ, ಅದನ್ನೂ ಕೀಳಬೇಕು. ಈ ಕೆಲಸ ಮಾಡಿ ಮಾಡಿ ಕೈಗೆ ಅಂಟು ಹತ್ತಿಸಿಕೊಂಡ ಅಕ್ಕತಂಗಿಯರು, ಅಣ್ಣತಮ್ಮಂದಿರು ಈ ಮಾತು ಕೇಳುತ್ತಿದ್ದೀರಿ. ನಾನು ಇವತ್ತು ಹೇಳಬೇಕೆಂದಿರುವುದು ಹಿತ್ತಿಲಲ್ಲಿ ಬೆಳೆಯುವ ಜಿನಿಯಾ ಹೂವಿನ ವಿಚಾರ. ಆದರೂ ಹೊಗೆಸೊಪ್ಪಿನಿಂದಲೇ ಮಾತು ಶುರು ಮಾಡುತ್ತಿದ್ದೇನೆ. ಜಿನಿಯಾ ಬೇಸಾಯದ ಮುಖ್ಯ ಪಾಠ ನಿಮ್ಮ ಕೈಗೆ ಆಗಲೇ ಬಂದಿದೆ.

ತುದಿ ಮುರಿದರೆ ಪಕ್ಕದ ಕುಡಿ ಏಳುತ್ತದೆ. ಹೊಗೆಸೊಪ್ಪಿನವರಿಗೆ ಅದು ತಲೆನೋವು. ಕುಡಿ ಬೆಳೆದರೆ ಎಲೆಗೆ ಸೇರಬೇಕಾದ ಸತ್ವ ಅದರ ಪಾಲಾಗುತ್ತದೆ, ಎಲೆ ತೆಳ್ಳಗಾಗುತ್ತದೆ, ಕಟ್ಟೆಮಳಲವಾಡಿಯಲ್ಲೋ ಕಂಪಲಾಪುರದಲ್ಲೋ ಹರಾಜಿಗಿಟ್ಟಾಗ ದರ್ಜೆ ಇಳಿಯುತ್ತದೆ. ಅದಕ್ಕೇ ಸಾಲು ಹಿಡಿದು ಕುಡಿ ಕೀಳುತ್ತೀರಿ, ಇಲ್ಲವೇ ಡೆಕನಾಲ್ ಔಷಧಿಯನ್ನು ಕಾಂಡದ ಗುಂಟ ಇಳಿಬಿಡುತ್ತೀರಿ. ಜಿನಿಯಾ ಗಿಡದಲ್ಲಿ ನಮಗೆ ಬೇಕಾಗಿರುವುದು ಆ ಕುಡಿಯೇ. ಒಂದೊಂದು ಕುಡಿಯೂ ಬೆಳೆದು ಒಂದೊಂದು ಉದ್ದನೆಯ ಹೂಕಾಂಡವಾಗುತ್ತದೆ. ಆ ಹೂವನ್ನು ಕಾಂಡದ ಸಮೇತ ಕತ್ತರಿಸಿದರೆ ಕೆಳಗಿನ ಕಂಕುಳಿಂದ ಮತ್ತೆರಡು ಕುಡಿ ಹೊರಡುತ್ತವೆ. ಕತ್ತರಿಸಲು ಕೈ ಹಿಂಜರಿಯದವರ ಮನೆಯಲ್ಲಿ ಎರಡು ತಿಂಗಳು ಹೂದಾನಿ ತುಂಬಿರುತ್ತದೆ. ಕನಿಕರಪಟ್ಟವರ ಮನೆಯಲ್ಲಿ ಗಿಡ ಬೇಗ ಮುಪ್ಪಾಗುತ್ತದೆ. ನಾನು ಹೇಳುವ ಮಾತಿನ ಸಾರ ಇಷ್ಟೇ. ಇನ್ನು ಮುಂದಿನದು ವಿವರ.

ಈ ಕನಿಕರ ನಮ್ಮಲ್ಲಿ ಎಲ್ಲಿಂದ ಬಂತು ಎಂದರೆ, ನಾವು ಹೂ ಬಿಡಿಸುವ ಜನ. ಮಲ್ಲಿಗೆ, ಕಾಕಡ, ಕನಕಾಂಬರ, ಸೇವಂತಿಗೆ ಯಾವುದೇ ಇರಲಿ, ಬಿಡಿಸುತ್ತೇವೆ, ಕಟ್ಟುತ್ತೇವೆ, ಮೊಳದ ಲೆಕ್ಕದಲ್ಲೋ ಮಾರಿನ ಲೆಕ್ಕದಲ್ಲೋ ಕೊಡುತ್ತೇವೆ, ಕೊಳ್ಳುತ್ತೇವೆ. ಬೆಳಗಿನ ಪೂಜೆಗೆ ದಾಸವಾಳ, ನಂದಬಟ್ಟಲು ಬಿಡಿಸುವಾಗ ಎಲೆಗೆ ಕೈ ತಾಗದಂತೆ ನೋಡಿಕೊಳ್ಳುತ್ತೇವೆ. ಒಂದೂವರೆ ಅಡಿ ಕಾಂಡ, ನಾಲ್ಕಾರು ಎಲೆ, ಇನ್ನೂ ಅರಳದ ಎಳೆಮೊಗ್ಗು ಎಲ್ಲ ಸೇರಿಸಿ ಕತ್ತರಿಸಿ ತನ್ನಿ ಎಂದರೆ ಮನೆಯ ಹಿರಿಯರು ‘ಗಿಡ ಯಾಕವ್ವ ಹಾಳ್ ಮಾಡ್ತೀಯ, ಗಿಡದಲ್ಲೇ ಚೆಂದ ಬಿಡು’ ಅನ್ನುತ್ತಾರೆ. ಬಿಡಿಸುವ ಹೂಗಳಿಗೆ ಆ ಮಾತು ಸರಿ. ಜಿನಿಯಾಕ್ಕೆ ಸರಿಹೊಂದುವುದಿಲ್ಲ. ಕಾರಣ ತಿಳಿಯಬೇಕಾದರೆ ಈ ಗಿಡದ ಒಳಗುಟ್ಟು ಸ್ವಲ್ಪ ತಿಳಿಯಬೇಕು.

ಜಿನಿಯಾ ಮೆಕ್ಸಿಕೊ ದೇಶದ ಗಿಡ. ಜರ್ಮನಿಯ ಗಟ್ಟಿಂಗೆನ್‌ನಲ್ಲಿ ಯೋಹಾನ್ ಗಾಟ್‌ಫ್ರೀಡ್ ಝಿನ್ ಎಂಬ ವಿದ್ವಾಂಸರಿದ್ದರು. ಕಣ್ಣಿನ ಒಳರಚನೆಯನ್ನು ಬಿಡಿಸಿ ಬರೆದವರು, ಸಸ್ಯಶಾಸ್ತ್ರವನ್ನೂ ಬಲ್ಲವರು. 1759ರಲ್ಲಿ, ಇನ್ನೂ ಮೂವತ್ತೆರಡು ತುಂಬುವ ಮೊದಲೇ ತೀರಿಕೊಂಡರು. ಅದೇ ವರ್ಷ ಲಿನೇಯಸ್ ಈ ಗಿಡದ ಕುಲಕ್ಕೆ ಅವರ ಹೆಸರನ್ನಿಟ್ಟರು. ಸಂಬಂಧದಲ್ಲಿ ನೋಡಿದರೆ ಜಿನಿಯಾ ನಮಗೆ ತೀರ ಹೊರಗಿನದೂ ಅಲ್ಲ. ಚೆಂಡು ಹೂ, ಸೇವಂತಿಗೆ, ಸೂರ್ಯಕಾಂತಿ, ರಾಗಿ ಹೊಲದ ಅಂಚಿನ ಹುಚ್ಚೆಳ್ಳು ಎಲ್ಲವೂ ಅದರ ಬಳಗವೇ. ಈ ಬಳಗದಲ್ಲಿ ನಾವು ಒಂದು ಹೂ ಎಂದು ಕರೆಯುವುದು ಹತ್ತಾರು ಚಿಕ್ಕ ಹೂಗಳ ಗೊಂಚಲು. ಸುತ್ತಲಿನ ಒಂದೊಂದು ಬಣ್ಣದ ಎಸಳೂ ಒಂದೊಂದು ಹೂ. ನಡುವಿನ ದಿಂಡಿನಲ್ಲಿ ನಕ್ಷತ್ರದ ಹಾಗೆ ಅರಳುವ ಹಳದಿ ಚುಕ್ಕೆ ಒಂದೊಂದೂ ಒಂದೊಂದು ಹೂ. ಅವುಗಳ ಬುಡದಲ್ಲಿ ಬೀಜ ಕಟ್ಟುತ್ತದೆ.

ಜಿನಿಯಾ ಒಂದೇ ಹಂಗಾಮಿನ ಗಿಡ. ಬೀಜ ಮಾಡಿ ಉದುರಿಸಿದರೆ ಅದರ ಬಾಳು ಮುಗಿಯಿತು. ಹೂ ಗಿಡದ ಮೇಲೆಯೇ ಉಳಿದರೆ ಬೇರು, ಎಲೆ ದುಡಿದದ್ದೆಲ್ಲ ಬೀಜಕ್ಕೆ ಹರಿಯುತ್ತದೆ. ಹೊಸ ಮೊಗ್ಗು ಕಡಮೆಯಾಗುತ್ತದೆ, ಬುಡದ ಎಲೆ ಒಣಗುತ್ತದೆ. ಬೀಜ ಕಟ್ಟುವ ಮೊದಲೇ ಹೂವನ್ನು ತೆಗೆದರೆ ಗಿಡ ಮತ್ತೆ ಹೂ ಬಿಡಲು ನೋಡುತ್ತದೆ. ನಾವು ಕತ್ತರಿಸುತ್ತಾ ಹೋಗುತ್ತೇವೆ, ಅದು ಬಿಡುತ್ತಾ ಹೋಗುತ್ತದೆ.

ಇದರ ಜೊತೆಗೆ ಇನ್ನೊಂದು ಸಂಗತಿ ಕೆಲಸ ಮಾಡುತ್ತದೆ. ಬೆಳೆಯುತ್ತಿರುವ ತುದಿಯಲ್ಲಿ ಆಕ್ಸಿನ್ ಎಂಬ ರಸ ಹುಟ್ಟಿ ಕಾಂಡದಲ್ಲಿ ಕೆಳಗಿಳಿಯುತ್ತದೆ. ಅದು ಇಳಿಯುತ್ತಿರುವವರೆಗೆ ಕಂಕುಳ ಕುಡಿಗಳು ಏಳುವುದಿಲ್ಲ. ತುದಿ ಹೋದರೆ ಆ ತಡೆ ಹೋಗುತ್ತದೆ. 1930ರ ದಶಕದಲ್ಲಿ ಅಮೆರಿಕದಲ್ಲಿ ಥಿಮಾನ್ ಮತ್ತು ಸ್ಕೂಗ್ ಎಂಬ ಇಬ್ಬರು ವಿಜ್ಞಾನಿಗಳು ಅವರೆ ಜಾತಿಯ ಗಿಡದ ಮೇಲೆ ಇದನ್ನು ತೋರಿಸಿಕೊಟ್ಟರು. ಅದೇ ಸ್ಕೂಗ್ ಮುಂದೆ ಹೊಗೆಸೊಪ್ಪಿನ ಕಾಂಡದ ತಿರುಳನ್ನು ಗಾಜಿನ ಪಾತ್ರೆಯಲ್ಲಿ ಬೆಳೆಸುತ್ತಿದ್ದರು. ಆ ಕೆಲಸದಿಂದಲೇ 1955ರಲ್ಲಿ ಕೈನೆಟಿನ್ ಸಿಕ್ಕಿತು. ಅದು ಕುಡಿಯನ್ನು ಎಬ್ಬಿಸುವ ರಸಗಳ ಗುಂಪಿಗೆ ಸೇರಿದ್ದು. ಅಂದರೆ ಕವಲೊಡೆಯುವ ಗುಟ್ಟು ವಿಜ್ಞಾನಕ್ಕೆ ತಿಳಿದದ್ದರಲ್ಲಿ ಹೊಗೆಸೊಪ್ಪಿಗೂ ಪಾಲಿದೆ. ಹುಣಸೂರಿನಲ್ಲಿ ಹೊಗೆಸೊಪ್ಪಿನ ಸಂಶೋಧನೆ ನಡೆಸುವ ಒಂದು ಕೇಂದ್ರವಿದೆ. ಅದರ ಸುತ್ತಲಿನ ಹೊಲಗಳಲ್ಲಿ ಕುಡಿ ಕೀಳುವವರಿಗೆ ಈ ಪಾಠ ಓದದೆಯೂ ಗೊತ್ತು.

ಇಷ್ಟು ಸುಲಭದ ಹೂವನ್ನು ಪೇಟೆಯಲ್ಲಿ ಯಾಕೆ ಮಾರುವುದಿಲ್ಲ ಎಂದು ಕೇಳಬಹುದು. ಗುಲಾಬಿ, ಜರ್ಬೆರಾ ಹೂಗಳನ್ನು ಶೀತಲ ಪೆಟ್ಟಿಗೆಯಲ್ಲಿಟ್ಟು ದೂರದೂರಿಗೆ ಕಳಿಸುತ್ತಾರೆ. ಜಿನಿಯಾ ಬಿಸಿಲು ಸೀಮೆಯ ಗಿಡ, ಆ ಚಳಿಯನ್ನು ತಡೆಯುವುದಿಲ್ಲ, ಎಸಳು ಕಂದುತ್ತದೆ. ಹೂವಿನ ಕೆಳಗೆ ಕಾಂಡ ಟೊಳ್ಳು, ಪೆಟ್ಟಿಗೆಯಲ್ಲಿ ಒತ್ತಿದರೆ ಕತ್ತು ಮುರಿಯುತ್ತದೆ. ದೂರದ ವ್ಯಾಪಾರಕ್ಕೆ ಒಗ್ಗುವುದಿಲ್ಲ. ಪರಿಮಳವಿಲ್ಲವಾದ್ದರಿಂದ ಮೊಳದ ಲೆಕ್ಕಕ್ಕೂ ಬರಲಿಲ್ಲ. ಆದ್ದರಿಂದ ಒಳ್ಳೆಯ ಜಿನಿಯಾ ಕಾಂಡ ಬೇಕೆಂದರೆ ಬೆಳೆದುಕೊಳ್ಳುವುದೇ ದಾರಿ. ಮೈಸೂರಿನ ಕುಪ್ಪಣ್ಣ ಪಾರ್ಕಿನಲ್ಲಿ ದಸರೆಗೆ ನಡೆಯುವ ಫಲಪುಷ್ಪ ಪ್ರದರ್ಶನಕ್ಕೆ ಹೋಗಿ ಬಂದು ‘ನಮಗೆಲ್ಲಿ ಇಂಥ ಹೂ’ ಅಂದುಕೊಳ್ಳುವ ಮನೆಗೂ, ನೀರು ಕಾಯಿಸುವ ಒಲೆಯ ಪಕ್ಕದ ಎರಡು ಮಾರು ಜಾಗದಲ್ಲಿ ಇದು ಬರುತ್ತದೆ.

ಈಗ ಕಾಲದ ವಿಚಾರ. ಬಿತ್ತಿದ ದಿನದಿಂದ ಮೊದಲ ಹೂವಿಗೆ ಸುಮಾರು 60ರಿಂದ 70 ದಿನ. ತುದಿ ಚಿವುಟಿದರೆ ಇನ್ನೊಂದು ವಾರ, ಹತ್ತು ದಿನ ಹೆಚ್ಚು ಹಿಡಿಯುತ್ತದೆ. ಈ ಲೆಕ್ಕ ಇಟ್ಟುಕೊಂಡು ಹಬ್ಬದಿಂದ ಹಿಂದಕ್ಕೆ ಎಣಿಸಿ. ಪುನರ್ವಸು ಮಳೆಯಲ್ಲಿ, ಅಂದರೆ ಜುಲೈ ಮೊದಲ ಹದಿನೈದು ದಿನದಲ್ಲಿ, ಬಿತ್ತಿದ್ದು ದಸರೆಯ ಬೊಂಬೆ ಕೂರಿಸುವ ಹೊತ್ತಿಗೆ ಕೊಯ್ಲಿಗೆ ಬಂದಿರುತ್ತದೆ. ಆಗಸ್ಟ್ ಮೊದಲ ವಾರದ್ದು ದೀಪಾವಳಿಗೆ. ಅಕ್ಟೋಬರ್ ಕೊನೆಗೆ, ಸ್ವಾತಿ ಮಳೆಯ ಹಸಿಯಲ್ಲಿ ಬಿತ್ತಿದ್ದು ಸಂಕ್ರಾಂತಿಗೆ. ಜನವರಿ ನಡುವೆ ಬಿತ್ತಿದ್ದು ಯುಗಾದಿಗೆ. ಗಿಡದ ಆರೋಗ್ಯಕ್ಕೆ ಹೆಚ್ಚು ಒಪ್ಪುವುದು ಮಳೆಗಾಲ ಕಳೆದ ಮೇಲಿನ ಬಿತ್ತನೆ. ಗಾಳಿ ಒಣಗಿರುತ್ತದೆ, ಬಿಸಿಲು ಹದವಾಗಿರುತ್ತದೆ. ಮಳೆಗಾಲದ ಬಿತ್ತನೆಯನ್ನು ಬಿಡಬೇಕೆಂದಿಲ್ಲ, ಆದರೆ ಅದಕ್ಕೆ ಕಾವಲು ಹೆಚ್ಚು ಬೇಕು.

ಬೀಜ ಕೊಳ್ಳುವಾಗ ಒಂದು ಎಚ್ಚರ. ಪೊಟ್ಟಣದ ಮೇಲಿನ ಚಿತ್ರ ನೋಡಿ ಮರುಳಾಗಬೇಡಿ, ಗಿಡದ ಎತ್ತರ ಎಷ್ಟು ಎಂದು ಬರೆದಿದೆ ನೋಡಿ. ಪ್ರೊಫ್ಯೂಷನ್, ಝಹಾರಾ ತರಹದ ಗಿಡ್ಡ ತಳಿಗಳು ಕುಂಡಕ್ಕೆ, ಪಾತಿಯ ಅಂಚಿಗೆ ಚೆನ್ನ. ರೋಗ ತಡೆಯುವ ಶಕ್ತಿಯೂ ಹೆಚ್ಚು. ಆದರೆ ಅವುಗಳಲ್ಲಿ ಕತ್ತರಿಸಲು ಕಾಂಡವೇ ಇರುವುದಿಲ್ಲ. ಹೂದಾನಿಗೆ ಬೇಕಾದದ್ದು ಎರಡೂವರೆ, ಮೂರು ಅಡಿ ಬೆಳೆಯುವ ತಳಿ. ಬೆನರಿಸ್ ಜೈಂಟ್ ತಳಿಯಲ್ಲಿ ನಾಲ್ಕು ಅಂಗುಲದ ದೊಡ್ಡ ಹೂ, ಓಕ್ಲಹೋಮ ತಳಿಯಲ್ಲಿ ಅದರ ಅರ್ಧ ಗಾತ್ರದ ಒತ್ತೆಸಳಿನ ಹೂ, ಕ್ವೀನ್ ಲೈಮ್ ಸಾಲಿನಲ್ಲಿ ಎಳೆ ನಿಂಬೆಯ ಹಸಿರು ಬಣ್ಣ. ಇವು ಸಿಗದಿದ್ದರೆ ಎತ್ತರ ಬೆಳೆಯುವ ಮಿಶ್ರ ಬಣ್ಣದ ಸಾದಾ ಬೀಜವೂ ಸಾಕು. ಕೆಂಪು, ಕಿತ್ತಳೆ, ಹಳದಿ, ಗುಲಾಬಿ, ನೇರಳೆ, ಬಿಳಿ ಎಲ್ಲವೂ ಬರುತ್ತವೆ. ನೀಲಿಯೊಂದು ಬರುವುದಿಲ್ಲ.

ನೆಲದ ಮಾತಿಗೆ ಬಂದರೆ ನಮ್ಮ ನಾಲ್ಕು ತಾಲ್ಲೂಕುಗಳು ಒಂದೇ ತರಹ ಇಲ್ಲ. ಹುಣಸೂರು, ಪಿರಿಯಾಪಟ್ಟಣದ ಕೆಂಪು ಮರಳುಮಿಶ್ರಿತ ನೆಲ ಜಿನಿಯಾಕ್ಕೆ ಹೇಳಿ ಮಾಡಿಸಿದ್ದು, ನೀರು ನಿಲ್ಲುವುದಿಲ್ಲ. ಕೃಷ್ಣರಾಜನಗರದ ನಾಲೆ ಬಯಲಿನಲ್ಲಿ, ಭತ್ತದ ಗದ್ದೆಗೆ ಅಂಟಿದ ಹಿತ್ತಿಲುಗಳಲ್ಲಿ ನೆಲದ ತೇವ ಆರುವುದೇ ಇಲ್ಲ. ಅಲ್ಲಿ ಮುಕ್ಕಾಲು ಅಡಿ ಎತ್ತರಿಸಿ ಏರುಮಡಿ ಮಾಡಿ. ಹೆಗ್ಗಡದೇವನಕೋಟೆ ಕಡೆ ಹತ್ತಿ ಬೆಳೆಯುವ ಕಪ್ಪು ನೆಲವಿದ್ದರೆ ಮರಳು, ತಿಪ್ಪೆ ಗೊಬ್ಬರ ಬೆರೆಸಿ ಸಡಿಲ ಮಾಡಿಕೊಳ್ಳಿ. ಎಲ್ಲಿಯೇ ಆಗಲಿ ದಿನಕ್ಕೆ ಆರು ಗಂಟೆಯಾದರೂ ನೇರ ಬಿಸಿಲು ಬೀಳಬೇಕು. ತೆಂಗಿನ ಮರದಡಿ, ಸಪೋಟದ ನೆರಳಲ್ಲಿ ಗಿಡ ಸೊರಗಿ ಉದ್ದವಾಗುತ್ತದೆ, ಹೂ ಬರುವುದಿಲ್ಲ.

ಕಳಿತ ತಿಪ್ಪೆ ಗೊಬ್ಬರ ಒಂದು ಚದರ ಮೀಟರಿಗೆ ಒಂದು ಮಂಕರಿ ಸಾಕು. ಯೂರಿಯಾ ಸುರಿಯಬೇಡಿ. ಸಾರಜನಕ ಹೆಚ್ಚಾದರೆ ಹೊಗೆಸೊಪ್ಪಿನ ಎಲೆ ಹೇಗೆ ಕೆಡುತ್ತದೆಂದು ನಿಮಗೆ ಗೊತ್ತು. ಇಲ್ಲಿ ಕಾಂಡ ಮೆತ್ತಗಾಗಿ ಬಾಗುತ್ತದೆ, ರೋಗ ಬೇಗ ತಗಲುತ್ತದೆ.

ಬೀಜವನ್ನು ಅರ್ಧ ಅಂಗುಲಕ್ಕಿಂತ ಆಳಕ್ಕೆ ಹಾಕಬೇಡಿ. ನಾಲ್ಕರಿಂದ ಏಳು ದಿನದಲ್ಲಿ ಮೊಳಕೆ ಕಾಣುತ್ತದೆ. ಮಳೆಗಾಲದಲ್ಲಿ ನೇರ ಬಿತ್ತಿದರೆ ಬೀಜ ಕೊಚ್ಚಿಹೋಗುತ್ತದೆ, ಎಳೆ ಸಸಿಯನ್ನು ಕೋಳಿ ಕೆದಕುತ್ತದೆ, ಬಸವನಹುಳು ತಿನ್ನುತ್ತದೆ. ಹೊಗೆಸೊಪ್ಪಿನ ಸಸಿ ಬೆಳೆಸಿದ ಗುಳಿ ಟ್ರೇಗಳು ಈಗ ಕೊಟ್ಟಿಗೆಯ ಮೂಲೆಯಲ್ಲಿ ಖಾಲಿ ಬಿದ್ದಿರುತ್ತವೆ. ಅವನ್ನು ಬ್ಲೀಚಿಂಗ್ ಪುಡಿ ಕಲಸಿದ ನೀರಿನಲ್ಲಿ ಚೆನ್ನಾಗಿ ತೊಳೆದು, ಒಣಗಿಸಿ, ತೆಂಗಿನ ನಾರಿನ ಪುಡಿ ತುಂಬಿ ಗುಳಿಗೊಂದು ಬೀಜ ಹಾಕಿ. ಸೂರಿನಡಿ ಬೆಳಕು ಬೀಳುವ ಕಡೆ ಇಡಿ. ಮೂರು ವಾರಕ್ಕೆ ಸಸಿ ನಾಟಿಗೆ ಸಿದ್ಧ. ಜಿನಿಯಾದ ಬೇರು ಕದಲಿದರೆ ಮುನಿಸಿಕೊಳ್ಳುತ್ತದೆ, ಆದ್ದರಿಂದ ಟ್ರೇಯ ಹೆಂಟೆ ಒಡೆಯದಂತೆ ಇಡಿಯಾಗಿ ನೆಡಿ. ಗಿಡದಿಂದ ಗಿಡಕ್ಕೆ ಒಂದು ಅಡಿ ಬಿಡಿ. ಜಾಗ ಉಳಿಸಲು ಒತ್ತೊತ್ತಾಗಿ ನೆಟ್ಟರೆ ಉಳಿದ ಜಾಗದ ಲಾಭವನ್ನೆಲ್ಲ ಬೂದಿ ರೋಗ ತೆಗೆದುಕೊಂಡು ಹೋಗುತ್ತದೆ.

ಆಷಾಢದ ಗಾಳಿ ಈ ಕಡೆ ಜೋರು. ಪಾತಿಯ ನಾಲ್ಕು ಮೂಲೆಗೆ ಗೂಟ ಹೊಡೆದು, ಎಲೆ ಕಟ್ಟುವ ದಾರವನ್ನೇ ಒಂದಡಿ ಎತ್ತರದಲ್ಲಿ ಅಡ್ಡಡ್ಡ, ಉದ್ದುದ್ದ ಹೆಣೆದುಬಿಡಿ. ಗಿಡ ಆ ಚೌಕಗಳ ನಡುವೆ ನೆಟ್ಟಗೆ ಏರುತ್ತದೆ. ಮಳೆಗೆ ಒರಗಿ ಬಿದ್ದ ಗಿಡದ ಕಾಂಡ ಮತ್ತೆ ಬೆಳಕಿಗೆ ತಿರುಗಿ ಡೊಂಕಾಗುತ್ತದೆ. ಡೊಂಕು ಕಾಂಡ ಹೂದಾನಿಗೆ ಬಾರದು.

ಇನ್ನು ಚಿವುಟುವ ಕೆಲಸ. ಸಸಿ ಮುಕ್ಕಾಲು ಅಡಿ, ಒಂದು ಅಡಿ ಬೆಳೆದಾಗ ಅದರಲ್ಲಿ ನಾಲ್ಕೈದು ಜೋಡಿ ಎಲೆ ಇರುತ್ತದೆ. ಜಿನಿಯಾದ ಎಲೆಗಳು ಎದುರುಬದುರು ಜೋಡಿಯಾಗಿಯೇ ಹುಟ್ಟುತ್ತವೆ. ಕೆಳಗಿನಿಂದ ಮೂರು ಜೋಡಿ ಎಣಿಸಿ, ಅದರ ಮೇಲೆ ಕಾಲು ಅಂಗುಲ ಬಿಟ್ಟು ತುದಿಯನ್ನು ತೆಗೆಯಿರಿ. ತುದಿಯಲ್ಲಿ ಮೊಗ್ಗು ಇದ್ದರೂ ತೆಗೆಯಿರಿ. ಈಗ ಉಳಿದದ್ದು ಮೂರು ಗೆಣ್ಣು, ಆರು ಕಂಕುಳು. ಮೇಲಿನ ಎರಡು ಗೆಣ್ಣಿನ ನಾಲ್ಕು ಕುಡಿ ಬಲವಾಗಿ ಏಳುತ್ತವೆ, ಕೆಳಗಿನ ಎರಡು ಸ್ವಲ್ಪ ತಡ ಮಾಡುತ್ತವೆ. ಚಿವುಟದೆ ಬಿಟ್ಟ ಗಿಡದಲ್ಲಿ ನಡುವೆ ಒಂದು ದಪ್ಪ ಕಾಂಡ, ಮೇಲೆ ಒಂದು ದೊಡ್ಡ ಹೂ, ಅದರ ಪಕ್ಕದಲ್ಲಿ ಗಿಡ್ಡ ಕವಲುಗಳು. ಚಿವುಟಿದ ಗಿಡದಲ್ಲಿ ಸರಿಸಮನಾದ ನಾಲ್ಕು ಉದ್ದ ಕಾಂಡಗಳು.

ಈ ನಾಲ್ಕು ಅರಳಿದಾಗ ಎಲ್ಲಿ ಕತ್ತರಿಸುತ್ತೀರಿ ಎನ್ನುವುದರ ಮೇಲೆ ಮುಂದಿನ ಎರಡು ತಿಂಗಳು ನಿಂತಿದೆ. ಹೂವಿನ ಕೆಳಗೆ ನಾಲ್ಕು ಅಂಗುಲದಲ್ಲಿ ಕತ್ತರಿಸಿದರೆ ಅಲ್ಲಿಂದ ಎರಡು ಪೀಚಲು ಕವಲು ಬರುತ್ತದೆ, ಅದರ ಮೇಲೆ ಪುಟ್ಟ ಹೂ. ಹಾಗೆ ಮಾಡಬೇಡಿ. ಕವಲು ಎಲ್ಲಿ ಹುಟ್ಟಿದೆಯೋ ಅಲ್ಲಿಯವರೆಗೂ ಕೈ ಇಳಿಸಿ, ಬುಡದಲ್ಲಿ ಒಂದೇ ಒಂದು ಜೋಡಿ ಎಲೆ ಉಳಿಸಿ, ಅದರ ಮೇಲೆ ಕತ್ತರಿ ಹಾಕಿ. ಕಾಂಡ ಒಂದಡಿ, ಒಂದೂವರೆ ಅಡಿ ಉದ್ದ ಸಿಗುತ್ತದೆ. ಉಳಿದ ಆ ಒಂದು ಜೋಡಿಯ ಎರಡು ಕಂಕುಳಿಂದ ಎರಡು ಹೊಸ ಕಾಂಡ ಹೊರಡುತ್ತವೆ. ಬುಡಕ್ಕೆ ಹತ್ತಿರ ಹುಟ್ಟಿದ್ದರಿಂದ ಅವೂ ದಪ್ಪ, ಅವೂ ಉದ್ದ. ಹತ್ತು ಗಿಡವಿದ್ದರೆ ಮೊದಲ ಸುತ್ತಿಗೆ 40 ಕಾಂಡ, ಎರಡನೆಯದಕ್ಕೆ 80 ಎಂದು ಕಾಗದದ ಮೇಲೆ ಲೆಕ್ಕ ಬರುತ್ತದೆ. ಬೇರು ಅಷ್ಟನ್ನೂ ಹೊರುವುದಿಲ್ಲ. ಕೆಲವು ಕುಡಿ ಹಿಂದೆ ಬೀಳುತ್ತವೆ, ಕೆಲವು ಸಣ್ಣಗಾಗುತ್ತವೆ. ಆದರೂ ವಾರಕ್ಕೆ ಎರಡು ಸಲ ಕತ್ತರಿ ಹಿಡಿದು ಹೋದರೆ ಬರಿಗೈಯಲ್ಲಿ ಬರುವುದಿಲ್ಲ. ಬೇಡವೆನಿಸಿದ, ಬಾಡಿದ, ಹುಳು ಕಡಿದ ಹೂವನ್ನೂ ಅಷ್ಟೇ ಆಳಕ್ಕೆ ಕತ್ತರಿಸಿ ತಿಪ್ಪೆಗೆ ಹಾಕಿ. ಗಿಡದ ಮೇಲೆ ಬೀಜ ಕಟ್ಟಲು ಬಿಡಬೇಡಿ.

ಯಾವಾಗ ಕತ್ತರಿಸಬೇಕು? ಗುಲಾಬಿಯನ್ನು ಮೊಗ್ಗಿನಲ್ಲಿ ಕತ್ತರಿಸಿದರೆ ನೀರಿನಲ್ಲಿ ಅರಳುತ್ತದೆ. ಜಿನಿಯಾ ಅರಳುವುದಿಲ್ಲ. ಕತ್ತರಿಸಿದಾಗ ಎಷ್ಟು ಅರಳಿತ್ತೋ ಅಷ್ಟೇ. ಪೂರ್ತಿ ಅರಳಿರಬೇಕು, ಆದರೆ ನಡುವಿನ ಹಳದಿ ಚುಕ್ಕೆಗಳಿಂದ ಪರಾಗ ಉದುರಲು ಶುರುವಾಗಿರಬಾರದು. ಕಣ್ಣಳತೆಗೆ ಇದು ಸಿಗದಿದ್ದರೆ ಕೈಗೆ ಸಿಗುತ್ತದೆ. ಹೂವಿನಿಂದ ಒಂದು ಗೇಣು ಕೆಳಗೆ ಕಾಂಡವನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಅಲುಗಿಸಿ. ಹೂ ಕತ್ತು ಬಾಗಿಸಿ ತೂಗಾಡಿದರೆ ಇನ್ನೂ ಎಳಸು, ಕತ್ತರಿಸಿದರೆ ಸಂಜೆಯೊಳಗೆ ಜೋಲುತ್ತದೆ. ಕಾಂಡ ಕಡ್ಡಿಯ ಹಾಗೆ ಸೆಟೆದು ನಿಂತರೆ ಬಲಿತಿದೆ. ಜಿನಿಯಾ ಕೊಯ್ಲಿನಲ್ಲಿ ಈ ಒಂದು ಪರೀಕ್ಷೆಯನ್ನು ತಪ್ಪಿಸಬೇಡಿ.

ಕೊಯ್ಯುವುದು ಬೆಳಿಗ್ಗೆ, ಎಸಳ ಮೇಲಿನ ಇಬ್ಬನಿ ಆರಿದ ಕೂಡಲೇ. ಬಕೆಟ್ಟಿನಲ್ಲಿ ನೀರು ತೆಗೆದುಕೊಂಡೇ ಪಾತಿಗೆ ಹೋಗಿ. ಕತ್ತರಿಸಿದ ಕಾಂಡವನ್ನು ಆಗಲೇ ನೀರಿಗಿಳಿಸಿ. ಕಾಂಡದೊಳಗೆ ನೀರು ಏರುವ ಸಣ್ಣ ನಾಳಗಳಿರುತ್ತವೆ, ಗಾಳಿ ಹೊಕ್ಕರೆ ಅವು ಕಟ್ಟಿಕೊಳ್ಳುತ್ತವೆ. ಆ ನಾಳಗಳು ಹೇಗೆ ಹುಟ್ಟುತ್ತವೆ ಎಂಬುದನ್ನು ತಿಳಿಯಲು ವಿಜ್ಞಾನಿಗಳು ಆರಿಸಿಕೊಂಡದ್ದೂ ಜಿನಿಯಾವನ್ನೇ. 1980ರಲ್ಲಿ ಜಪಾನಿನ ಫುಕುಡ ಮತ್ತು ಕೊಮಮಿನೆ ಜಿನಿಯಾದ ಎಲೆಯಿಂದ ಬಿಡಿಬಿಡಿಯಾಗಿ ಜೀವಕೋಶಗಳನ್ನು ತೆಗೆದು, ಅವು ಗಾಜಿನ ಪಾತ್ರೆಯಲ್ಲಿ ನೀರಿನ ನಾಳದ ಕೋಶಗಳಾಗಿ ಮಾರ್ಪಡುವುದನ್ನು ತೋರಿಸಿದರು. ಹಿತ್ತಿಲ ಈ ಹೂ ಸಸ್ಯವಿಜ್ಞಾನದ ಪ್ರಯೋಗಶಾಲೆಗಳಲ್ಲಿ ಹೆಸರು ಮಾಡಿದೆ.

ಮನೆಗೆ ತಂದ ಮೇಲೆ ನೀರಿನೊಳಗೆ ಮುಳುಗುವ ಎಲೆಗಳನ್ನೆಲ್ಲ ಕಿತ್ತುಬಿಡಿ. ಜಿನಿಯಾದ ಕಾಂಡಕ್ಕೆ ಸಣ್ಣ ರೋಮವಿರುವುದರಿಂದ ನೀರು ಬೇಗ ಕೊಳೆಯುತ್ತದೆ, ಕೊಳೆತ ನೀರು ನಾಳಗಳನ್ನು ಮುಚ್ಚುತ್ತದೆ. ದಿನಕ್ಕೊಮ್ಮೆ ನೀರು ಬದಲಿಸಿ, ಎರಡು ದಿನಕ್ಕೊಮ್ಮೆ ಕಾಂಡದ ಬುಡವನ್ನು ಅರ್ಧ ಅಂಗುಲ ಓರೆಯಾಗಿ ಕತ್ತರಿಸಿ. ಇಷ್ಟು ಮಾಡಿದರೆ ಒಂದು ವಾರ ಹೂ ಕಳೆಗುಂದುವುದಿಲ್ಲ. ಫ್ರಿಜ್ಜಿನಲ್ಲಿ ಇಡಬೇಡಿ. ಹೂದಾನಿಯೇ ಬೇಕೆಂದಿಲ್ಲ, ಹಳೆಯ ಹಿತ್ತಾಳೆ ಚೊಂಬು, ಉಪ್ಪಿನಕಾಯಿ ಜಾಡಿ ಎಲ್ಲವೂ ನಡೆಯುತ್ತದೆ.

ರೋಗದ ವಿಚಾರ ಹೇಳದಿದ್ದರೆ ಮಾತು ಪೂರ್ತಿಯಾಗುವುದಿಲ್ಲ. ಜಿನಿಯಾದ ಶತ್ರು ಒದ್ದೆ ಎಲೆ. ಅಂತರಿಕ್ಷದಲ್ಲೂ ಅದೇ ಕಥೆ. 2015ರ ಕೊನೆಯಲ್ಲಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ಜಿನಿಯಾ ಬೆಳೆಸುತ್ತಿದ್ದರು. ತೇವ ಹೆಚ್ಚಾಗಿ ಎಲೆಯ ಮೇಲೆ ನೀರು ನಿಂತು ಬೂಷ್ಟು ಹಿಡಿಯಿತು. ಗಗನಯಾತ್ರಿ ಸ್ಕಾಟ್ ಕೆಲ್ಲಿ ಬೂಷ್ಟು ಹಿಡಿದ ಎಲೆಗಳನ್ನು ಕತ್ತರಿಸಿ, ಫ್ಯಾನಿನ ಗಾಳಿ ಹೆಚ್ಚಿಸಿ, ಗಿಡ ನೋಡಿಕೊಂಡು ನೀರು ಕೊಡತೊಡಗಿದರು. 2016ರ ಜನವರಿಯಲ್ಲಿ ಕಿತ್ತಳೆ ಬಣ್ಣದ ಹೂ ಅರಳಿತು. ನಮಗೂ ಅದೇ ಮದ್ದು. ಗಿಡಗಳ ನಡುವೆ ಗಾಳಿಯಾಡಲಿ. ನೀರನ್ನು ಬುಡಕ್ಕೇ ಹಾಕಿ, ಪೈಪು ಹಿಡಿದು ಎಲೆಯ ಮೇಲೆ ಎರಚಬೇಡಿ. ಸಂಜೆ ಬದಲು ಬೆಳಿಗ್ಗೆ ಹಾಕಿ. ಮಣ್ಣು ಸಿಡಿಯದಂತೆ ಬುಡಕ್ಕೆ ರಾಗಿ ಹುಲ್ಲು ಹಾಸಿ.

ಎಲೆಯ ಮೇಲೆ ಬಿಳಿ ಹಿಟ್ಟು ಚೆಲ್ಲಿದಂತೆ ಕಂಡರೆ ಅದು ಬೂದಿ ರೋಗ. ಮಳೆ ನಿಂತು ಹಗಲು ಬಿಸಿ, ಇರುಳು ತಂಪು ಆಗುವ ಅಕ್ಟೋಬರ್ ನಂತರ ಹೆಚ್ಚು. ಶುರುವಿನಲ್ಲೇ ಬುಡದ ಎಲೆಗಳನ್ನು ತೆಗೆದು, ಒಂದು ಪಾಲು ಹಾಲಿಗೆ ಒಂಬತ್ತು ಪಾಲು ನೀರು ಬೆರೆಸಿ ಬೆಳಗಿನ ಬಿಸಿಲಿನಲ್ಲಿ ಸಿಂಪಡಿಸಬಹುದು. ಬಗ್ಗದಿದ್ದರೆ ನೀರಿನಲ್ಲಿ ಕರಗುವ ಗಂಧಕ, ಲೀಟರಿಗೆ 3 ಗ್ರಾಂ. ಸುಡುಬಿಸಿಲಿನಲ್ಲಿ ಗಂಧಕ ಹೊಡೆಯಬೇಡಿ, ಎಲೆ ಸುಡುತ್ತದೆ. ಮಳೆಗಾಲದಲ್ಲಿ ಕಾಣುವ ಕೆಂಗಂದು ಚುಕ್ಕೆ ಬೇರೆ ರೋಗ, ಬೀಜದ ಜೊತೆಗೂ ಬರುತ್ತದೆ. ಚುಕ್ಕೆಯಿದ್ದ ಗಿಡದಿಂದ ಬೀಜ ಹಿಡಿಯಬೇಡಿ.

ಹೊಗೆಸೊಪ್ಪು ಬೆಳೆಯುವ ಮನೆಗಳಿಗೆ ಎರಡು ಮಾತು ಬೇರೆಯಾಗಿ ಹೇಳಬೇಕು. ಹೊಗೆಸೊಪ್ಪಿನ ಎಲೆ ಮುದುಡು ರೋಗವನ್ನು ಹರಡುವುದು ಬಿಳಿನೊಣ. ಅದೇ ರೋಗ ಜಿನಿಯಾಕ್ಕೂ ಬರುತ್ತದೆ. ಎಲೆ ದೊನ್ನೆಯ ಹಾಗೆ ಮುದುಡಿ, ಹಿಂಬದಿಯ ನರ ಉಬ್ಬಿದ ಗಿಡ ಹಿತ್ತಿಲಲ್ಲಿ ಕಂಡರೆ ಔಷಧಿ ಹುಡುಕಬೇಡಿ, ಕಿತ್ತು ಸುಟ್ಟುಬಿಡಿ. ಇಲ್ಲದಿದ್ದರೆ ಅಲ್ಲಿಂದ ಹೊಲಕ್ಕೂ ಹೋಗುತ್ತದೆ. ಎರಡನೆಯದು ಕೈ. ಹೊಗೆಸೊಪ್ಪಿನ ನಂಜು ರೋಗ, ನೀವು ಮೊಸಾಯಿಕ್ ಅನ್ನುವುದು, ರಸದ ಮೂಲಕ ಕೈಯಿಂದ ಗಿಡಕ್ಕೆ ದಾಟುತ್ತದೆ. ಹೊಲದಲ್ಲಿ ಕುಡಿ ಕಿತ್ತ ಕೈಯಲ್ಲೇ ಬಂದು ಜಿನಿಯಾದ ತುದಿ ಚಿವುಟಬೇಡಿ. ಸೋಪು ಹಚ್ಚಿ ತೊಳೆದುಕೊಂಡು, ಕತ್ತರಿಯನ್ನೂ ತೊಳೆದುಕೊಂಡು ಹೋಗಿ.

ಒಂದು ಬಿತ್ತನೆ ಎಷ್ಟೇ ಚೆನ್ನಾಗಿ ಬಂದರೂ ಆರರಿಂದ ಎಂಟು ವಾರ ಕೊಯ್ದ ಮೇಲೆ ಕಾಂಡ ಸಣ್ಣಗಾಗುತ್ತದೆ, ಹೂ ಕಿರಿದಾಗುತ್ತದೆ, ರೋಗವೂ ಮೇಲೇರುತ್ತದೆ. ಆ ಮುದಿ ಗಿಡಗಳಿಗೆ ಗೊಬ್ಬರ ಹಾಕಿ ಎಬ್ಬಿಸಲು ಹೋಗುವುದು ದಂಡ. ಅದರ ಬದಲು ಮೂರು ವಾರಕ್ಕೊಮ್ಮೆ ಹತ್ತು ಹನ್ನೆರಡು ಸಸಿ ಸಿದ್ಧ ಮಾಡಿಕೊಳ್ಳುತ್ತಾ ಬನ್ನಿ. ಹಳೆಯ ಪಾತಿ ಕಿತ್ತ ದಿನ ಹೊಸ ಪಾತಿ ಮೊದಲ ಕೊಯ್ಲಿಗೆ ಬಂದಿರುತ್ತದೆ. ಹೊಸದನ್ನು ಅದೇ ಜಾಗದಲ್ಲಿ ನೆಡಬೇಡಿ, ಪಕ್ಕಕ್ಕೆ ಸರಿಸಿ.

ಕೊನೆಯದಾಗಿ ಬೀಜ. ಇಷ್ಟು ಹೊತ್ತೂ ಬೀಜ ಕಟ್ಟಲು ಬಿಡಬೇಡಿ ಎಂದೆ. ಮುಂದಿನ ವರ್ಷಕ್ಕೆ ಬೀಜ ಬೇಕಾದರೆ ಆ ನಿಯಮವನ್ನು ಒಂದೆರಡು ಗಿಡದ ಮಟ್ಟಿಗೆ ನಾವೇ ಮುರಿಯಬೇಕು. ಮಳೆಗಾಲದ ಗಿಡದಲ್ಲಿ ಬೀಜ ಕೊಳೆಯುತ್ತದೆ, ಹಾಗಾಗಿ ಡಿಸೆಂಬರ್, ಜನವರಿಯ ಗಿಡ ಆರಿಸಿಕೊಳ್ಳಿ. ಉದ್ದ ಕಾಂಡ, ಒತ್ತಾದ ಎಸಳು, ಚುಕ್ಕೆಯಿಲ್ಲದ ಎಲೆ ಇರುವ ಗಿಡಕ್ಕೆ ಒಂದು ಬಟ್ಟೆ ಚೂರು ಕಟ್ಟಿ ಗುರುತು ಮಾಡಿ, ಮನೆಯವರಿಗೆಲ್ಲ ಅದಕ್ಕೆ ಕತ್ತರಿ ಹಾಕದಂತೆ ಹೇಳಿ. ಹೂ ಪೂರ್ತಿ ಕಂದಾಗಿ ಒಣಗಿದ ಮೇಲೆ ಕಿತ್ತು, ನೆರಳಲ್ಲಿ ಮತ್ತೆ ಒಂದು ವಾರ ಒಣಗಿಸಿ, ಕೈಯಲ್ಲಿ ಉಜ್ಜಿ. ಒಣಗಿದ ಎಸಳಿನ ಬುಡಕ್ಕೆ ಅಂಟಿಕೊಂಡ ಬಾಣದ ಮೊನೆಯಂಥ ಚಪ್ಪಟೆ ಕಾಳೇ ಬೀಜ. ಕಾಗದದ ಪೊಟ್ಟಣದಲ್ಲಿ ಹಾಕಿ, ಬಣ್ಣ ಮತ್ತು ತಿಂಗಳು ಬರೆದು, ಗಾಜಿನ ಶೀಶೆಯಲ್ಲಿಡಿ. ಹೈಬ್ರಿಡ್ ತಳಿಯಾಗಿದ್ದರೆ ಮಕ್ಕಳು ತಾಯಿಯಂತೆ ಬರುವುದಿಲ್ಲ. ಸಾದಾ ತಳಿಯಲ್ಲೂ ಜೇನು, ಚಿಟ್ಟೆಗಳು ಬಣ್ಣ ಬೆರೆಸಿರುತ್ತವೆ. ಮೂರು ನಾಲ್ಕು ವರ್ಷ ನಿಮಗೆ ಬೇಕಾದ ಗಿಡದಿಂದಲೇ ಬೀಜ ಆರಿಸುತ್ತಾ ಬಂದರೆ ನಿಮ್ಮ ನೆಲಕ್ಕೆ, ನಿಮ್ಮ ಮಳೆಗೆ ಒಗ್ಗಿದ ಸಾಲು ಕೈಗೆ ಬರುತ್ತದೆ. ಪಕ್ಕದ ಮನೆಯವರು ಬೇರೆ ಬಣ್ಣ ಬೆಳೆದಿದ್ದರೆ ಪೊಟ್ಟಣಕ್ಕೆ ಪೊಟ್ಟಣ ಬದಲಾಯಿಸಿಕೊಳ್ಳಿ.

ದಸರೆಗೆ ಹೂ ಬೇಕೆನ್ನುವವರು ಈ ವಾರವೇ ಟ್ರೇ ತೊಳೆದು ಬೀಜ ಹಾಕಿ. ಸಸಿಗೆ ನಾಲ್ಕನೇ ಜೋಡಿ ಎಲೆ ಬಂದ ದಿನ ತುದಿ ಚಿವುಟುವುದನ್ನು ಮಾತ್ರ ಮರೆಯಬೇಡಿ.